ಎಣ್ಣೆ ಕಾಣದ ಮೂರು ಗಾಲಿ

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ, ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಉಬ್ರಾಣಿಯ ಹತ್ತಿರದ ನಮ್ಮೂರಿನಿಂದ ಚನ್ನಗಿರಿಗೆ ಬಸ್ಸಿನಲ್ಲಿ ಹೋಗುವಾಗ, ಊರು ಸಿಗುವ ಮುಂಚೆ ಒಂದು ಮರ ಕೊಯ್ಯುವ ಮಿಲ್ಲು ಇತ್ತು. ಆ ಗರಗಸದ ಸದ್ದು ಕಿವಿಗೆ ಬಿದ್ದರೆ ಸಾಕು, ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದುಬಿಡುತ್ತಿದ್ದೆ. ಶಾಲೆಯಲ್ಲಿ ಕೂತರೂ ತಲೆಯೊಳಗೆ ಅದೇ ಸದ್ದು. ಓದು ಸಾಕು, ಮಿಲ್ಲಿಗೆ ಹೋಗುತ್ತೇನೆ ಎಂದು ಒಂದು ದಿನ ಅಪ್ಪನಿಗೆ ಹೇಳಿಯೇಬಿಟ್ಟೆ.

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ. ತಲೆ ಎತ್ತಲಿಲ್ಲ. "ಆತು, ಹೋಗು. ನಾಳೆ ಮಾತ್ರ ಅಪ್ಪ ಓದಿಸ್ಲಿಲ್ಲ ಅಂತ ಊರ ಮುಂದೆ ಹೇಳ್ಬ್ಯಾಡ" ಅಂದ.

ಇವತ್ತಿನವರೆಗೂ ಹೇಳಿಲ್ಲ. ಹೇಳುವ ಪ್ರಸಂಗವೂ ಬರಲಿಲ್ಲ. ಕೈಯಲ್ಲಿ ಕೆಲಸವಿದ್ದವನನ್ನು ಯಾರೂ ಎಷ್ಟು ಓದಿದ್ದೀಯಪ್ಪ ಎಂದು ಕೇಳುವುದಿಲ್ಲ. ಯಾವಾಗ ಬರುತ್ತೀಯಪ್ಪ ಎಂದು ಕೇಳುತ್ತಾರೆ.

ಚನ್ನಗಿರಿಯ ಆ ಮಿಲ್ಲಿನಲ್ಲಿ ಮೊದಲು ಹೊಟ್ಟು ಗುಡಿಸಿದೆ, ಆಮೇಲೆ ದಿಮ್ಮಿ ಹೊರಳಿಸಿದೆ, ಆಮೇಲೆ ಮರದ ಜಾತಿ ಕಲಿತೆ. ಕಣ್ಣು ಮುಚ್ಚಿ ಮೂಸಿದರೆ ಇದು ಮತ್ತಿ, ಇದು ಹೊನ್ನೆ, ಇದು ಹಲಸು ಎಂದು ಹೇಳುವಷ್ಟು ಕಲಿತ ಮೇಲೆ ಹೊನ್ನಾಳಿಯ ಒಂದು ಅಕ್ಕಿ ಗಿರಣಿಗೆ ಕೆಲಸಕ್ಕೆ ಸೇರಿದೆ. ಆಗ ಅಕ್ಕಿ ಗಿರಣಿಯೆಂದರೆ ಅರ್ಧ ಕಬ್ಬಿಣ, ಅರ್ಧ ಮರ. ಭತ್ತ ಮೇಲೆ ಹೋಗುವ ಪೆಟ್ಟಿಗೆ ಮರದ್ದು, ಕೆಳಗೆ ಇಳಿಯುವ ದೋಣಿ ಮರದ್ದು, ಜರಡಿಯ ಚೌಕಟ್ಟು ಮರದ್ದು. ಮರ ಇರುವ ಕಡೆಯೆಲ್ಲ ಕೊಳವೆ ಹಾಯಿಸಬೇಕು. ಕೊಳವೆ ಹಾಯಬೇಕೆಂದರೆ ಹಲಗೆಗೆ ದುಂಡಗೆ ತೂತು ಬೀಳಬೇಕು. ಒಂದು ನೂಲಿನಷ್ಟು ಸಂದು ಉಳಿದರೂ ಅಲ್ಲಿಂದ ತೌಡು ಹಾರಿ ಗಿರಣಿಯೆಲ್ಲ ಮಂಜು ಕವಿದ ಹಾಗೆ ಆಗುತ್ತಿತ್ತು.

ಆ ತೂತಿಗಾಗಿಯೇ ಗಿರಣಿಯಲ್ಲಿ ಒಂದು ಸಾಮಾನು ಇತ್ತು. ದಾವಣಗೆರೆಯ ಅಂಗಡಿಯವರು ಅದಕ್ಕೆ ಹೋಲ್ ಸಾ ಅನ್ನುತ್ತಿದ್ದರು. ನಾವು ಬಟ್ಟಲು ಗರಗಸ ಅನ್ನುತ್ತಿದ್ದೆವು. ನೋಡಲು ಉಕ್ಕಿನ ಬಟ್ಟಲೇ. ಅಂಚಿಗೆ ಸುತ್ತ ಗರಗಸದ ಹಲ್ಲು, ನಟ್ಟನಡುವೆ ಒಂದು ಬೈರಿಗೆ ಮುಳ್ಳು. ಚಿಕ್ಕ ಬಟ್ಟಲು, ನಡುವಿನದು, ದೊಡ್ಡದು. ದೊಡ್ಡದು ಐದು ಇಂಚಿನದು, ನನ್ನ ಮುಷ್ಟಿ ಇಟ್ಟರೆ ಅದರ ಬಾಯಿಗೆ ಹೆಚ್ಚು ಕಡಿಮೆ ಸರಿಹೋಗುತ್ತಿತ್ತು.

ಚಿಕ್ಕದನ್ನು ಯಾರು ಬೇಕಾದರೂ ಹಿಡಿಯಬಹುದು. ದೊಡ್ಡದಕ್ಕೆ ಮಾತ್ರ ಮರ್ಯಾದೆ ಕೊಡಬೇಕು. ಅದನ್ನು ಕರೆಂಟಿನ ಡ್ರಿಲ್ಲಿಂಗ್ ಮಷೀನಿಗೆ ಸಿಕ್ಕಿಸಿ, ನಾನು ಮೊದಲ ಸಲ ಬಲ ಹಾಕಿ ಒತ್ತಿದಾಗ, ಹಲ್ಲು ಮರವನ್ನು ಕಚ್ಚಿಕೊಂಡು ನಿಂತುಬಿಟ್ಟಿತು. ಬಟ್ಟಲು ನಿಂತಿತು, ಮಷೀನು ತಿರುಗಿತು. ನನ್ನ ಮುಂಗೈಯನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿತು. ಆ ವಾರವೆಲ್ಲ ಎಡಗೈಯಲ್ಲಿ ಊಟ ಮಾಡಿದೆ. ಆಮೇಲೆ ಕಲಿತದ್ದು ಇಷ್ಟು: ಹಲಗೆಯನ್ನು ಅಲುಗದ ಹಾಗೆ ಬಿಗಿಯಬೇಕು, ಕೆಳಗೆ ಬೇಡದ ಇನ್ನೊಂದು ಹಲಗೆ ಕೊಡಬೇಕು. ಎರಡೂ ಕೈ ಹಿಡಿ ಬಿಡಬಾರದು. ಒತ್ತಬಾರದು, ಅದರ ಭಾರಕ್ಕೇ ಅದನ್ನು ಬಿಡಬೇಕು. ನಡುನಡುವೆ ಮೇಲೆತ್ತಿ ಹೊಟ್ಟು ಕೊಡವಬೇಕು, ಇಲ್ಲದಿದ್ದರೆ ಮರ ಸುಟ್ಟ ವಾಸನೆ ಬರುತ್ತದೆ. ನಡುವಿನ ಮುಳ್ಳು ಆ ಕಡೆ ಇಣುಕಿದ ಕೂಡಲೇ ನಿಲ್ಲಿಸಿ, ಹಲಗೆ ಮಗುಚಿ, ಅದೇ ತೂತಿಗೆ ಮುಳ್ಳು ಕೊಟ್ಟು ಹಿಂದಿನಿಂದ ಕೊರೆದು ಮುಗಿಸಬೇಕು. ಆಗ ಎರಡೂ ಮಗ್ಗುಲಲ್ಲಿ ಅಂಚು ಕಿತ್ತು ಬರುವುದಿಲ್ಲ. ಹೀಗೆ ಮಾಡಿದ ತೂತಿಗೆ ಬೆರಳು ಹಾಕಿ ಸುತ್ತು ಹೊಡೆದರೆ, ಬಳೆಯ ಒಳಗೆ ಆಡಿಸಿದ ಹಾಗೆ ಇರುತ್ತಿತ್ತು.

ಗಿರಣಿಗೆ ಬೇಕಾಗಿದ್ದದ್ದು ತೂತು. ನನಗೆ ಆಸೆ ಇದ್ದದ್ದು ತೂತಿನಿಂದ ಹೊರಗೆ ಬಂದದ್ದರ ಮೇಲೆ. ಬಟ್ಟಲಿನೊಳಗೆ ಸಿಕ್ಕಿಕೊಂಡ ಬಿಲ್ಲೆಯನ್ನು ಸ್ಕ್ರೂ ಡ್ರೈವರಿನಿಂದ ಮೀಟಿ ತೆಗೆದರೆ, ಕಂಪಾಸಿನಲ್ಲಿ ಗೀಚಿದಂಥ ದುಂಡು ಮರ, ಇನ್ನೂ ಬೆಚ್ಚಗೆ, ನಡುವೆ ಒಂದು ಸಣ್ಣ ತೂತು. ಎಲ್ಲರೂ ಅದನ್ನು ಒಲೆಗೆ ಎಸೆಯುತ್ತಿದ್ದರು. ನಾನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ನಡುವಿನ ತೂತಿಗೆ ಒಂದು ಗೂಟ ಬಡಿದರೆ ಮೇಲೆ ಹಿಡಿಯಾಯಿತು, ಬಿಲ್ಲೆ ಮುಚ್ಚಳವಾಯಿತು. ಮದುವೆಯಾದ ಹೊಸದರಲ್ಲಿ ಮಜ್ಜಿಗೆ ಗಡಿಗೆಗೆ ಒಂದು, ಉಪ್ಪಿನಕಾಯಿ ಜಾಡಿಗೆ ಒಂದು, ಉಪ್ಪಿನ ಮಡಕೆಗೆ ಒಂದು, ಹೀಗೆ ತಂದುಕೊಡುತ್ತಲೇ ಇದ್ದೆ.

ನನ್ನ ಹೆಂಡತಿ ಜಗಳೂರಿನವಳು. ಅವರ ಮನೆಯವರು ಕುರಿ ಸಾಕಿದವರು, ಶೇಂಗಾ ಬೆಳೆದವರು. ಮಾತು ಚುರುಕು. "ಬ್ಯಾರೆಯೋರ ಗಂಡಂದ್ರು ಹೂವು ತರ್ತಾರೆ. ನೀವು ಮುಚ್ಚಳ ತರ್ತೀರಿ" ಅನ್ನುತ್ತಿದ್ದಳು.

"ಹೂವು ಸಂಜೀಗೆ ಬಾಡ್ತೈತೆ."

"ನಾ ಎಲ್ಲಿ ಬ್ಯಾಡ ಅಂದೆ? ಹಿಟ್ಟಿನ ಡಬ್ಬಿಗೂ ಒಂದು ತರ್ರಿ ಅಂತ ಹೇಳಾಕೆ ಬಂದೆ."

ನ್ಯಾಮತಿಯಲ್ಲಿ ಮನೆ ಮಾಡಿದ್ದೆವು. ಹೊನ್ನಾಳಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮಗಳು ಹುಟ್ಟಿದ್ದು ಜಗಳೂರಿನಲ್ಲಿ, ಎಂಬತ್ತಮೂರರಲ್ಲಿ. ಬಾಣಂತನ ಮುಗಿಸಿಕೊಂಡು ತಾಯಿ ಮಗಳು ನ್ಯಾಮತಿಗೆ ಬಂದರು. ಮಗು ಗುಂಡಗಿತ್ತು, ನಗುತ್ತಿತ್ತು, ಎಲ್ಲ ಮಕ್ಕಳಿಗಿಂತ ಮುಂಚೆ ಮಾತು ಶುರು ಮಾಡಿತು. ನಡೆಯಲಿಲ್ಲ. ಕೂತಲ್ಲೇ ಕುಂಡೆ ಎಳೆದುಕೊಂಡು ಮನೆಯೆಲ್ಲ ತಿರುಗುತ್ತಿತ್ತು. ಹೊಸಿಲನ್ನೂ ಹಾಗೆಯೇ ಕೂತುಕೊಂಡು ದಾಟಿತು. ನಿಲ್ಲಿಸಿದರೆ ನಿಲ್ಲುತ್ತಿತ್ತು, ಗೋಡೆ ಬಿಟ್ಟರೆ ಮಾತ್ರ ಪಟ್ಟನೆ ಕೂತುಬಿಡುತ್ತಿತ್ತು.

ವರ್ಷ ತುಂಬಿತು. ಒಂದೂವರೆ ವರ್ಷವಾಯಿತು. ಹೊನ್ನಾಳಿಯ ಡಾಕ್ಟರು ಕಾಲು ಮಡಚಿ, ಬಿಚ್ಚಿ, ಪಾದಕ್ಕೆ ಕಚಗುಳಿ ಇಟ್ಟು ನೋಡಿ, "ಏನೂ ಇಲ್ಲ, ಅದಕ್ಕೆ ಧೈರ್ಯ ಬಂದಿಲ್ಲ ಅಷ್ಟೇ" ಎಂದರು. ನನಗೆ ಸಮಾಧಾನವಾಯಿತು. ಹೆಂಡತಿಗೆ ಆಗಲಿಲ್ಲ. ನಾನು ಬೆಳಿಗ್ಗೆ ಬಸ್ಸು ಹತ್ತಿ ಹೋಗುವವನು. ಓಣಿಯಲ್ಲಿ ಇಡೀ ದಿನ ಇರುವವಳು ಅವಳು. ನೀರಿಗೆ ಹೋದರೆ ಒಬ್ಬರು, ಅಂಗಡಿಗೆ ಹೋದರೆ ಒಬ್ಬರು, "ಇನ್ನೂ ನಡೀಲಿಲ್ವಾ?" ಎಂದು ಕೇಳುತ್ತಿದ್ದರು. ನಮ್ಮ ಕಡೆ ಮಗು ಮೊದಲ ಹೆಜ್ಜೆ ಹಾಕಿದರೆ ಹೆಜ್ಜೆ ಕಡುಬು ಅಂತ ಮಾಡಿ ನೆರೆಹೊರೆಗೆ ಹಂಚುತ್ತಾರೆ. ಕೇಳುವವರಿಗೂ ಅದೊಂದು ನೆಪ. "ಕಡುಬು ಯಾವಾಗವ್ವ?" ಅಂದರೆ ಸಾಕು, ಅವಳು ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದಳು.

ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ, ಮುಖ ನೋಡದೆ ಹೇಳಿದಳು. "ಕೆಟ್ಟು ನಿಂತ ಮಷೀನು ಎಲ್ಲಾ ಎಬ್ಬಿಸ್ತೀನಿ ಅಂತ ಹೇಳ್ಕಂತೀರಿ. ಮಗಳನ್ನ ಎಬ್ಬಿಸಾಕೆ ಏನಾರ ಮಾಡ್ರಿ."

ಸಂತೆಯಲ್ಲಿ ಮೂರು ಗಾಲಿಯ ತಳ್ಳುಗಾಡಿ ಸಿಗುತ್ತಿತ್ತು. ಮಕ್ಕಳು ಹಿಡಿಕೆ ಹಿಡಿದು ನಿಂತು ನೂಕಿಕೊಂಡು ನಡೆ ಕಲಿಯುವಂಥದ್ದು. ನಾನು ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಗಾಲಿಗಳು ದುಂಡಗೇ ಇರಲಿಲ್ಲ. ಒಂದು ಮೊಟ್ಟೆಯ ಹಾಗೆ, ಒಂದು ಹಲಸಿನ ಬೀಜದ ಹಾಗೆ. ಉಳಿಯಲ್ಲಿ ಕೆತ್ತಿ ಮಾಡಿದ್ದರು. ಆಗಲೇ ನಾನು ಗಿರಣಿಯ ಮೇಸ್ತ್ರಿಯಾಗಿದ್ದೆ. ನನ್ನ ಮಗಳು ಇಂಥ ಗಾಲಿಯ ಹಿಂದೆ ನಡೆಯಬೇಕೆ ಎನಿಸಿ ಕೆಳಗಿಟ್ಟು ಬಂದೆ.

ಗಿರಣಿಗೆ ಸೋಮವಾರ ರಜೆ. ಗಿರಣಿಯ ಸಾವ್ಕಾರರ ಅಪ್ಪಣೆ ಕೇಳಿದೆ. "ಮಷೀನು ಮನೀಗೆ ಒಯ್ಬ್ಯಾಡ. ಇಲ್ಲೇ ಮಾಡ್ಕೋ. ಕರೆಂಟು ನಂದು, ಮಗಳು ನಿಂದು" ಎಂದರು.

ಭತ್ತ ಇಳಿಯುತ್ತಿದ್ದ ಹಳೆಯ ದೋಣಿಯ ಮತ್ತಿ ಹಲಗೆ ಆರಿಸಿಕೊಂಡೆ. ಬರೀ ಬಿಲ್ಲೆ ಕೊರೆದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ನನ್ನ ತಲೆಯಲ್ಲಿ ದೊಡ್ಡದು ಹೊಕ್ಕಿತ್ತು. ಗಿರಣಿಯ ಗೂಡಿನಲ್ಲಿ ಸಣ್ಣ ಬೇರಿಂಗುಗಳು ಬಿದ್ದಿದ್ದವು, ತೆಗೆದು ಹಾಕಿದವು, ಆದರೂ ಚೆನ್ನಾಗಿದ್ದವು. ಒಂದೊಂದು ಗಾಲಿಗೆ ಒಂದೊಂದು ಬೇರಿಂಗು ಕೂರಿಸಬೇಕು ಎಂದುಕೊಂಡೆ. ಅದಕ್ಕೆ ಬಿಲ್ಲೆಯ ನಡುವೆ ಇನ್ನೊಂದು ದುಂಡು ತೂತು ಬೇಕು. ಇಲ್ಲಿ ಸ್ವಲ್ಪ ಬುದ್ಧಿ ಓಡಿಸಬೇಕಾಗುತ್ತದೆ. ಚಿಕ್ಕ ಬಟ್ಟಲಿನಿಂದ ಮೊದಲು ಕೊರೆದರೆ ನಡುವಿನ ಮರವೇ ಹೋಗುತ್ತದೆ, ದೊಡ್ಡ ಬಟ್ಟಲಿನ ಮುಳ್ಳಿಗೆ ಊರಲು ಜಾಗ ಇರುವುದಿಲ್ಲ. ಆದ್ದರಿಂದ ಮೊದಲು ದೊಡ್ಡದರಲ್ಲಿ ಅರ್ಧ ಆಳ ಕೊರೆದು ಬಿಡಬೇಕು. ಆಮೇಲೆ ಅದೇ ಮುಳ್ಳಿನ ತೂತಿನಲ್ಲಿ ಚಿಕ್ಕದು ಇಟ್ಟು ಪೂರ್ತಿ ತೆಗೆಯಬೇಕು. ಕೊನೆಗೆ ದೊಡ್ಡದನ್ನು ಅದರ ಹಳೆಯ ಗೀರಿನಲ್ಲೇ ಇಳಿಸಿದರೆ ದಾರಿ ತಪ್ಪದೆ ಹೋಗುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಆ ಸೋಮವಾರ ನಾನೇ ಕಂಡುಕೊಂಡದ್ದು.

ಗಾಡಿ ಸಿದ್ಧವಾಯಿತು. ಹಿಡಿಕೆಗೆ ಹೊನ್ನೆ, ಗಾಲಿಗೆ ಮತ್ತಿ, ಕೆಂಪು ಬಣ್ಣ. ಮಾರನೆಯ ದಿನ ಗಿರಣಿಯವರೆಲ್ಲ ಸುತ್ತ ನಿಂತರು. ಗಾಡಿ ಮಗುಚಿ ಗಾಲಿಗೆ ಬೆರಳಿನಿಂದ ಒಂದು ಏಟು ಕೊಟ್ಟರೆ ಸುಂಯ್ ಎಂದು ತಿರುಗುತ್ತಲೇ ಇರುತ್ತಿತ್ತು, ಸದ್ದೇ ಇಲ್ಲ. ಹಮಾಲರಲ್ಲಿ ಹಿರಿಯನೊಬ್ಬ ಬೀಡಿ ಹಚ್ಚಿದ. ಅವನು ಬೀಡಿ ಸೇದಿ ಮುಗಿಸಿದರೂ ಗಾಲಿ ನಿಂತಿರಲಿಲ್ಲ. "ಮೇಸ್ತ್ರಿ, ನಮ್ಮ ಎತ್ತಿನ ಗಾಡೀಗೆ ಒಂದು ಜೊತೆ ಹಿಂಗೇ ಮಾಡ್ಕೊಡು, ಎತ್ತು ಮಾರಿಬಿಡ್ತೀನಿ" ಎಂದ.

ಸಂಜೆ ನ್ಯಾಮತಿಗೆ ಒಯ್ದೆ. ಪಡಸಾಲೆಯಲ್ಲಿ ಗಾರೆ ನೆಲ, ಕನ್ನಡಿಯ ಹಾಗೆ ನುಣುಪು. ಮಗಳನ್ನು ಎಬ್ಬಿಸಿ ನಿಲ್ಲಿಸಿ, ಎರಡೂ ಕೈಯನ್ನು ಹಿಡಿಕೆಯ ಮೇಲಿಟ್ಟೆ. ಅವಳು ನನ್ನನ್ನು ನೋಡಿದಳು, ಅವರಮ್ಮನನ್ನು ನೋಡಿದಳು, ನಕ್ಕಳು, ಮೈಭಾರ ಮುಂದಕ್ಕೆ ಹಾಕಿದಳು. ಗಾಡಿ ಹೋಯಿತು. ಬಾಣ ಬಿಟ್ಟ ಹಾಗೆ ಎದುರು ಗೋಡೆಗೆ ಹೋಗಿ ಬಡಿಯಿತು. ಮಗಳು ಹೋಗಲಿಲ್ಲ. ನಿಂತಲ್ಲೇ ಬೋರಲು ಬಿದ್ದಳು. ತುಟಿ ಒಡೆದು ರಕ್ತ ಬಂತು.

ಮಗಳು ಅತ್ತದ್ದು ಸ್ವಲ್ಪ ಹೊತ್ತು. ಅವರಮ್ಮನ ಕಣ್ಣು ಆ ರಾತ್ರಿಯೆಲ್ಲ ಒಣಗಲಿಲ್ಲ. "ಇದನ್ನ ಕಣ್ಣಿಗೆ ಕಾಣದಂಗೆ ಇಡ್ರಿ" ಎಂದಳು. ಅಟ್ಟದ ಮೇಲೆ ಇಟ್ಟೆ. ಅದಾದ ಮೇಲೆ ಮಗಳು ಗೋಡೆ ಹಿಡಿದು ನಿಲ್ಲುವುದನ್ನೂ ಬಿಟ್ಟಳು. ಎಬ್ಬಿಸಿದರೆ ಕಾಲು ಮಡಚಿ ಎದೆಗೆ ತಂದುಕೊಳ್ಳುತ್ತಿದ್ದಳು.

ಜಗಳೂರಿನಿಂದ ಅತ್ತೆ ಹೇಳಿ ಕಳಿಸಿದರು, ಮಗೂನ ಕರ್ಕೊಂಡು ಬಾ, ಹರಳೆಣ್ಣೆ ಹಚ್ಚಿ ನೀರು ಹಾಕ್ತೀನಿ ಎಂದು. ಬಸ್‌ ಸ್ಟ್ಯಾಂಡಿಗೆ ಬಿಡಲು ಹೋದೆ. ಬಸ್ಸು ಹತ್ತುವಾಗ ಹೆಂಡತಿ ತಿರುಗಿ ಹೇಳಿದಳು, "ಇವಳು ನಡೆದ ಮ್ಯಾಲೇ ಬರೋದು. ಈ ಓಣ್ಯಾಗೆ ಇನ್ನ ಉತ್ತರ ಕೊಡಾಕೆ ನನ್ನ ಕೈಲಿ ಆಗಲ್ಲ." ಸಿಟ್ಟಿನ ಮಾತಾಗಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಸಿಟ್ಟು ಇರಲಿಲ್ಲ. ಚೀಲ ಕಿಟಕಿಯಿಂದ ಕೊಟ್ಟೆ.

ಮನೆಯಲ್ಲಿ ನಾನು ಮತ್ತು ಮುಚ್ಚಳಗಳು ಉಳಿದೆವು. ಅನ್ನ ಮಾಡಲು ಬರುತ್ತಿತ್ತು, ಸಾರು ಮಾಡಲು ಬರುತ್ತಿರಲಿಲ್ಲ. ಮಜ್ಜಿಗೆಯಲ್ಲೇ ಕಳೆದೆ. ಒಂದೆರಡು ವಾರದ ಮೇಲೆ ಜಗಳೂರಿನ ಕಡೆಯ ಬಸ್ಸಿನ ಕಂಡಕ್ಟರ್ ಹೊನ್ನಾಳಿಯಲ್ಲಿ ಸಿಕ್ಕಿ, "ನಿಮ್ಮತ್ತೆ ಹೇಳ್ಯಾರೆ. ಬರುವಾಗ ಆ ಗಾಡಿ ತಗೊಂಡು ಬರಬೇಕಂತೆ" ಎಂದ.

ಗಾಡಿಯನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಸೋಮವಾರ ಹೊರಟೆ. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಟಾಪಿನ ಮೇಲೆ ಹಾಕಲು ಮನಸ್ಸಾಗದೆ ತೊಡೆಯ ಮೇಲೆ ಇಟ್ಟುಕೊಂಡೆ. ಜಗಳೂರು ಸಮೀಪಿಸಿದ ಹಾಗೆ ರಸ್ತೆಯ ಎರಡೂ ಕಡೆ ಕೆಂಪು ನೆಲ, ಶೇಂಗಾ ಹೊಲ, ನಡುನಡುವೆ ಬಸ್ಸನ್ನು ನಿಲ್ಲಿಸಿಬಿಡುವ ಕುರಿ ಹಿಂಡು. ಪ್ರತಿ ಸಲ ಬ್ರೇಕು ಹಾಕಿದಾಗಲೂ ಮೂರು ಗಾಲಿಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು.

ಅತ್ತೆ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ನೀರು ಕೊಟ್ಟರು, ಕೂರಿಸಿದರು, ಮಗಳ ಕಾಲು ಎಷ್ಟು ಗಟ್ಟಿಯಾಗಿದೆ ಎಂದು ತೋರಿಸಿದರು. ಹರಳೆಣ್ಣೆ ಹಚ್ಚಿ ಹಚ್ಚಿ ಮಗು ಉಜ್ಜಿದ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ಗಾಡಿ ಕಂಡ ಕೂಡಲೇ ಅವರಮ್ಮನ ಸೆರಗಿನ ಹಿಂದೆ ಹೋಯಿತು. ಆಮೇಲೆ ಅತ್ತೆ ಗಾಡಿಯನ್ನು ಅಂಗಳದಲ್ಲಿಟ್ಟು ಒಂದು ಬೆರಳಿನಿಂದ ನೂಕಿದರು. ಗಾಡಿ ಅಂಗಳ ದಾಟಿ, ಬಾಗಿಲು ದಾಟಿ, ಇಳಿಜಾರಿನ ಓಣಿಗೆ ಬಿದ್ದು ಹೋಗಿಯೇಬಿಟ್ಟಿತು. ನನ್ನ ಬಾವಮೈದ ಓಡಿ ಹೋಗಿ ಹಿಡಿದು ತರಬೇಕಾಯಿತು.

ಅತ್ತೆ ಕೈಯ ಸಿಪ್ಪೆ ಕೊಡವಿದರು. "ಅಳಿಯಾರೆ, ಇದು ನಮ್ಮ ಮಗೂಗೆ ಮಾಡಿದ್ರಾ, ಇಲ್ಲ ದಾವಣಗೆರಿಗೆ ಓಡ್ಸಾಕೆ ಮಾಡಿದ್ರಾ?"

"ಬೇರಿಂಗ್ ಹಾಕೀನಿ ಅತ್ತೀ, ಹಗುರ ಆಗ್ಲಿ ಅಂತ."

"ಹಗುರ ಯಾರಿಗೆ ಬೇಕು? ನೂಕಿದ್ರೆ ಅದು ಬ್ಯಾಡ ಅನ್ಬೇಕು. ಮಗು ಬಾ ಅನ್ಬೇಕು. ಹಂಗೇ ಅಲ್ವಾ ಕಾಲಿಗೆ ಬಲ ಬರೋದು. ನನ್ನ ಮಕ್ಕಳ ಗಾಡಿ ಕಿರ್ರ್ ಅಂತ ಊರೆಲ್ಲ ಒದರೋದು. ಆ ಸದ್ದು ಇನ್ನೊಂದು ಸಲ ಕೇಳಾಕೇ ಇನ್ನೊಂದು ಹೆಜ್ಜೆ ಇಡೋವು. ನಿಮ್ದು ಸದ್ದೇ ಇಲ್ಲ, ಕಳ್ಳ ಬೆಕ್ಕು ಹೋದಂಗೆ ಹೋಗ್ತೈತೆ." ಮಗಳ ಹೊಳೆಯುವ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡರು. "ಎಣ್ಣೆ ಇಲ್ಲಿಗೆ ಹಾಕ್ಬೇಕು ಅಳಿಯಾರೆ, ಗಾಲಿಗಲ್ಲ."

ಹೆಂಡತಿ ಒಳಗೆ ಹೋಗಿ ನಕ್ಕದ್ದು ನನಗೆ ಕೇಳಿಸಿತು. ಬಹಳ ದಿನದ ಮೇಲೆ ಆ ನಗೆ ಕೇಳಿದ್ದರಿಂದ ನನಗೆ ಬೇಸರವಾಗಲಿಲ್ಲ.

ಗಾಡಿ ಹಿಡಿದುಕೊಂಡು ವಾಪಸ್ಸು ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ನನ್ನ ದುಡಿಮೆಯೆಲ್ಲ ಸದ್ದು ಅಡಗಿಸುವುದರಲ್ಲೇ ಹೋಗಿತ್ತು. ಗಿರಣಿಯಲ್ಲಿ ಎಲ್ಲಿ ಕಿರ್ ಎಂದರೂ ಎಣ್ಣೆ ಡಬ್ಬಿ ಹಿಡಿದು ಓಡುವವನು ನಾನು. ಈಗ ಬಿಗಿಯಾಗಿ ತಿರುಗುವ, ಒದರುವ ಗಾಲಿ ಮಾಡಬೇಕು. ಸುಲಭ ಎಂದುಕೊಂಡೆ. ಅಲ್ಲ.

ಮುಂದಿನ ಸೋಮವಾರ ದೊಡ್ಡ ಬಟ್ಟಲು ಸಿಕ್ಕಿಸಿ ಹೊಸ ಬಿಲ್ಲೆ ಕೊರೆದೆ. ಬೇರಿಂಗು ಇಲ್ಲ. ಮುಳ್ಳಿನ ತೂತನ್ನು ಕೈ ಬೈರಿಗೆಯಲ್ಲಿ ಹಿಗ್ಗಿಸಿ, ಜಾಲಿ ಮರದ ಅಚ್ಚು ಕೊಟ್ಟೆ. ಸಡಿಲ ಮಾಡಿದರೆ ಸಲೀಸಾಗಿ ತಿರುಗಿತು, ಸದ್ದಿಲ್ಲ. ಬಿಗಿ ಮಾಡಿದರೆ ತಿರುಗಲೇ ಇಲ್ಲ. ಮರಳು ಹಾಕಿದೆ, ಗರಗರ ಎಂದು ಸ್ವಲ್ಪ ಹೊತ್ತಿನಲ್ಲೇ ಅಚ್ಚು ತಿಂದುಹಾಕಿತು. ಬೂದಿ ಹಾಕಿದೆ, ಇನ್ನೂ ನುಣ್ಣಗಾಯಿತು. ಮರ ಬದಲಿಸಿದೆ, ಹಲಸು ಹಾಕಿದೆ, ಬೇವು ಹಾಕಿದೆ. ಒಂದೂ ಬಾಯಿ ಬಿಡಲಿಲ್ಲ. ಕೆಲಸವಿಲ್ಲದೆ ಬಂದು ಕೂತಿದ್ದ ಅದೇ ಹಿರಿಯ ಹಮಾಲ ನೋಡಿ ನೋಡಿ ಹೇಳಿದ, "ಮೇಸ್ತ್ರಿ, ನೀ ಬ್ಯಾಡ ಅಂದಾಗ ಒದರ್ತಾವೆ, ಒದರ್ರಪ್ಪ ಅಂದ್ರೆ ಸುಮ್ಕಿರ್ತಾವೆ. ನಮ್ಮನೀ ಸೊಸೇನೂ ಹಂಗೇಯ."

ಆಗ ಕಣ್ಣು ಗೋಡೆಯ ಗೂಡಿಗೆ ಹೋಯಿತು. ಅಲ್ಲಿ ರಾಳದ ಉಂಡೆ ಇತ್ತು. ಗಿರಣಿಯ ಮಷೀನು ತಿರುಗಿಸುವ ಪಟ್ಟಾ ಚಕ್ರದ ಮೇಲೆ ಜಾರಿದರೆ ಮಳೆಗಾಲದಲ್ಲಿ ಅದನ್ನೇ ಹಚ್ಚುತ್ತಿದ್ದೆವು. ಹಚ್ಚಿದರೆ ಪಟ್ಟಾ ಕಚ್ಚಿಕೊಳ್ಳುತ್ತಿತ್ತು. ಒಂದು ಚೂರು ಪುಡಿ ಮಾಡಿ ಜಾಲಿ ಅಚ್ಚಿಗೆ ಸವರಿ, ಗಾಲಿ ಹಾಕಿ, ನೂಕಿದೆ. ಗಾಡಿ ಬರುವುದಿಲ್ಲ ಎಂದಿತು. ಇನ್ನಷ್ಟು ನೂಕಿದೆ. ಕಿರ್ರ್ ಎಂದು ಅರಚಿಕೊಂಡು ಒಂದು ಗೇಣು ಬಂತು, ನಿಂತಿತು. ಮತ್ತೆ ನೂಕಿದೆ, ಮತ್ತೆ ಅರಚಿತು.

ಗಿರಣಿಯ ಹಿಂದಿನ ಮನೆಯಿಂದ ಸಾವ್ಕಾರರು ಪಂಚೆ ಎತ್ತಿಕೊಂಡು ಓಡಿ ಬಂದರು. "ಏನ್ ಮೇಸ್ತ್ರಿ, ಯಾವ ಬೇರಿಂಗ್ ಹೋತು? ರಜಾ ದಿನ ಯಾಕೆ ಮಷೀನು ಹಾಕ್ದೆ?"

ಹಮಾಲ ಗಾಡಿ ತೋರಿಸಿದ. "ಇದೇ ಸಾವ್ಕಾರ್ರೆ. ಎಣ್ಣೆ ಬಿಡ್ಲಾ ಅಂತ ಕೇಳಿದ್ರೆ ಹೊಡ್ಯಾಕೆ ಬರ್ತಾರೆ."

ಜಗಳೂರಿನ ಬಸ್ಸಿನಲ್ಲಿ ಈ ಸಲವೂ ತೊಡೆಯ ಮೇಲೆ ಇಟ್ಟುಕೊಂಡೆ. ಬ್ರೇಕು ಹಾಕಿದರೂ ಗಾಲಿ ಅಲುಗಲಿಲ್ಲ. ಅತ್ತೆ ಮಗಳಿಗೆ ಗಾಡಿ ಕೊಡಲಿಲ್ಲ. ಮಗಳು ಇರುವುದನ್ನೇ ನೋಡದವರ ಹಾಗೆ ತಾವೇ ಬಗ್ಗಿ ಹಿಡಿಕೆ ಹಿಡಿದು ಅಂಗಳದ ಈ ತುದಿಯಿಂದ ಆ ತುದಿಗೆ ನೂಕಿಕೊಂಡು ಹೋದರು. ಅದು ಅರಚಿತು. ಕಟ್ಟಿದ್ದ ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತಿ ನೋಡಿದವು. ಒಂದು ಟಗರು ಬ್ಯಾ ಎಂದು ಉತ್ತರ ಕೊಟ್ಟಿತು. ಸೆರಗಿನ ಹಿಂದಿನಿಂದ ಮಗಳು ನಕ್ಕಳು. ಅತ್ತೆ ಹಿಂತಿರುಗಿ ನೋಡದೆ ಇನ್ನೊಂದು ಸಲ ನೂಕಿದರು. ಟಗರು ಇನ್ನೊಂದು ಸಲ ಒದರಿತು. ಮಗಳು ಕುಂಡೆ ಎಳೆದುಕೊಂಡು ಹತ್ತಿರ ಬಂದಳು.

ಗಾಡಿಯ ಮೇಲೆ ಅತ್ತೆ ಶೇಂಗಾ ಕಾಯಿಯ ಸಣ್ಣ ಗಂಟು ಇಟ್ಟರು, ಇನ್ನಷ್ಟು ಭಾರವಾಗಲಿ ಎಂದು. ಆಮೇಲೆ ದೂರ ಹೋಗಿ ಕೂತರು. ನಮ್ಮಿಬ್ಬರಿಗೂ, "ನೀವೂ ಕೂಡ್ರಿ. ಯಾರೂ ಅದರ ಕಡೆ ನೋಡಬ್ಯಾಡ್ರಿ" ಎಂದರು. ನೋಡದೆ ಇರುವುದು ಹೇಗೆ? ಹೆಂಡತಿ ನೆಲ ನೋಡುತ್ತಿದ್ದಳು, ನಾನು ಹೆಂಡತಿಯ ಮುಖ ನೋಡುತ್ತಿದ್ದೆ. ಕಿರ್ ಎಂದು ಒಂದು ಚೂರು ಸದ್ದು ಬಂತು. ನಿಂತಿತು. ಅವಳ ಮುಖ ಹಾಗೆಯೇ ನಿಂತಿತು. ಮತ್ತೆ ಕಿರ್ ಎಂದಿತು. ಮಗಳು ಹಿಡಿಕೆ ಹಿಡಿದು ನಿಂತು, ನೂಕಿ, ಬಗ್ಗಿ ಗಾಲಿಯನ್ನು ನೋಡಿ, ಮತ್ತೆ ನೂಕುತ್ತಿದ್ದಳು. ಗಾಲಿಯ ಒಳಗೆ ಯಾರೋ ಇದ್ದಾರೆ ಎಂದುಕೊಂಡಿರಬೇಕು.

ಹೊರಡುವಾಗ ನಾನು ಹೆಂಡತಿಗೆ, "ತೀರಾ ಬಿಗಿಯಾದ್ರೆ ಹೇಳು, ಒಂದು ಹನಿ ಎಣ್ಣೆ..." ಎಂದು ಶುರು ಮಾಡಿದೆ.

"ಮುಟ್ಟಿದ್ರೆ ನೋಡ್ರಿ" ಎಂದಳು.

ಅದಾದ ಮೇಲೂ ವಾರಗಳು ಹೋದವು. ಗಾಡಿ ಹಿಡಿದು ನಡೆಯುತ್ತಾಳೆ, ಬಿಟ್ಟು ನಡೆಯುವುದಿಲ್ಲ. ಪ್ರತಿ ಸೋಮವಾರ ನಾನು ರಾಳ ಕಾಗದದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದೆ, ಸವೆದಿದ್ದರೆ ಹಚ್ಚಿ ಬರುತ್ತಿದ್ದೆ. ಅಲ್ಲಿನ ಓಣಿಯವರಿಗೆಲ್ಲ ಸದ್ದು ಪರಿಚಯವಾಗಿಹೋಯಿತು. ಬಸ್ಸಿನಿಂದ ಇಳಿದು ಓಣಿಯ ಬಾಯಿಗೆ ಬಂದರೆ ನನಗೂ ಕೇಳುತ್ತಿತ್ತು. ಆ ಸದ್ದು ಕೇಳಿದರೆ ಮನೆಯಲ್ಲಿ ಎಲ್ಲ ನೆಟ್ಟಗಿದೆ ಎಂದು ಗೊತ್ತಾಗುತ್ತಿತ್ತು.

ಒಂದು ಸೋಮವಾರ ಓಣಿಯ ಅರ್ಧಕ್ಕೆ ಬಂದಿದ್ದೆ. ಕಿರ್ರ್ ಎನ್ನುತ್ತಿದ್ದದ್ದು ತಟ್ಟನೆ ನಿಂತಿತು. ಸ್ವಲ್ಪ ಕಾದೆ. ಮತ್ತೆ ಬರಲಿಲ್ಲ. ಗಿರಣಿಯಲ್ಲಿ ಕೆಲಸ ಮಾಡಿದವನಿಗೆ ಸದ್ದಿನ ಭಯವಿಲ್ಲ. ನಡೆಯುತ್ತಿದ್ದ ಸದ್ದು ನಿಂತರೆ ಎದೆ ಧಸಕ್ಕೆನ್ನುತ್ತದೆ. ಪಟ್ಟಾ ಹರಿದಿರಬೇಕು, ಇಲ್ಲ ಯಾರದೋ ಕೈ ಸಿಕ್ಕಿರಬೇಕು. ಒಡೆದ ತುಟಿ ಕಣ್ಣ ಮುಂದೆ ಬಂತು. ಚೀಲ ಕಂಕುಳಲ್ಲಿ ಒತ್ತಿಕೊಂಡು ಓಡಿದೆ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಒಳಗೆ ಹೋಗದ ಹಾಗೆ ನನ್ನ ಎದೆಗೆ ಅಂಗೈ ಅಡ್ಡ ಕೊಟ್ಟಳು. ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಗಾಡಿ ಅಂಗಳದ ನಡುವೆ ಒಂದೇ ನಿಂತಿತ್ತು, ಶೇಂಗಾ ಗಂಟು ಹೊತ್ತುಕೊಂಡು. ಅದಕ್ಕಿಂತ ಆಚೆ ಮಗಳು. ಎರಡೂ ಕೈ ರೆಕ್ಕೆಯ ಹಾಗೆ ಬಿಚ್ಚಿಕೊಂಡು, ಕಾಲು ಅಗಲಿಸಿ, ಹೊಟ್ಟೆ ಮುಂದೆ ಮಾಡಿ ಹೋಗುತ್ತಿದ್ದಳು. ಹಗ್ಗ ಬಿಚ್ಚಿಕೊಂಡು ಬಂದ ಒಂದು ಕುರಿಮರಿ ಮೂಲೆಯಲ್ಲಿ ಸಿಪ್ಪೆ ಮೂಸುತ್ತಿತ್ತು. ಅದರ ಕಡೆಗೆ. ನಾನು ಬಂದದ್ದನ್ನು ನೋಡಲೂ ಇಲ್ಲ. ಹೋಗಿ ಮರಿಯ ಕಿವಿ ಹಿಡಿದುಕೊಂಡೇ ನಿಂತಳು.

"ನಿಮ್ಮನ್ನ ನೋಡಿ ಅಲ್ಲ ಅಳಿಯಾರೆ, ಮರೀನ ನೋಡಿ" ಎಂದರು ಅತ್ತೆ. ಅವರು ಮೊರ ಬಿಟ್ಟು ಎದ್ದಿರಲಿಲ್ಲ. ಆದರೆ ಮೊರದಲ್ಲಿದ್ದ ಕಾಳೆಲ್ಲ ನೆಲಕ್ಕೆ ಚೆಲ್ಲಿತ್ತು.

ಹೆಂಡತಿಯ ಅಂಗೈ ಇನ್ನೂ ನನ್ನ ಎದೆಯ ಮೇಲೇ ಇತ್ತು. "ಎಷ್ಟು ಬಡ್ಕೊಂತೈತ್ರಿ ಇದು. ಇದಕ್ಕೂ ರಾಳ ಹಚ್ಚೀರೇನು?" ಎಂದಳು.

ಹೆಜ್ಜೆ ಕಡುಬು ಜಗಳೂರಿನಲ್ಲಿ ಆಯಿತು. ಅಷ್ಟಕ್ಕೇ ಅವಳು ಬಿಡಲಿಲ್ಲ. ನ್ಯಾಮತಿಗೆ ಬಂದ ಮಾರನೆಯ ದಿನವೇ ಇನ್ನೊಂದು ಸಲ ಮಾಡಿದಳು. ತಾನು ಹಂಚಲಿಲ್ಲ. ಒಂದೊಂದು ಮನೆಯ ಬಾಗಿಲಲ್ಲಿ ನಿಂತು, ಸಣ್ಣ ತಟ್ಟೆಯಲ್ಲಿ ಒಂದು ಕಡುಬು ಇಟ್ಟು, ಮಗಳ ಕೈಗೆ ಕೊಟ್ಟು ಒಳಗೆ ಕಳಿಸಿದಳು. ಮಗಳು ಓಲಾಡುತ್ತಾ ಹೋಗಿ, ಕೊಟ್ಟು, ಖಾಲಿ ತಟ್ಟೆ ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ಕೇಳಿದ್ದವರ ಮನೆ ಒಂದನ್ನೂ ಬಿಡಲಿಲ್ಲ. ಎರಡು ಮನೆಯಲ್ಲಿ ಕಡುಬು ದಾರಿಯಲ್ಲೇ ಬಿದ್ದು ಹೋಯಿತು, ಅಲ್ಲಿಗೆ ಮತ್ತೆ ಕಳಿಸಿದಳು.

ಮುಂದೆ ಕೆಲವು ವರ್ಷಕ್ಕೆ ಗಿರಣಿಯಲ್ಲಿ ಮರದ ಪೆಟ್ಟಿಗೆ ಹೋಗಿ ತಗಡು ಬಂತು. ಬಟ್ಟಲು ಗರಗಸಕ್ಕೆ ಕೆಲಸ ಇಲ್ಲವಾಯಿತು. ಸಾವ್ಕಾರರು ನನ್ನನ್ನು ಕರೆದು, "ತಗೊಂಡು ಹೋಗು, ನಿನ್ನ ಕೈ ಕಂಡ ಸಾಮಾನು" ಎಂದು ದೊಡ್ಡದು ಚಿಕ್ಕದು ಎಲ್ಲ ಗೋಣಿಚೀಲದಲ್ಲಿ ಸುತ್ತಿ ಕೊಟ್ಟರು. ಆಮೇಲೆ ಅದರಲ್ಲಿ ಮನೆಗೆ ಏನೇನೋ ಮಾಡಿದೆ, ಬಿಂದಿಗೆ ಕೂರಿಸುವ ಹಲಗೆ, ಕೋಳಿ ಗೂಡಿನ ಬಾಗಿಲು, ಮಗ ಹುಟ್ಟಿದ ಮೇಲೆ ಅವನಿಗೊಂದು ಬುಗುರಿಯ ಪೆಟ್ಟಿಗೆ. ಗಾಡಿ ಮಾತ್ರ ಹೊಸದು ಮಾಡಲಿಲ್ಲ. ಮಗನೂ ಅದನ್ನೇ ನೂಕಿದ, ಓಣಿಯ ಮಕ್ಕಳೂ ಅದನ್ನೇ ನೂಕಿದರು, ಆಮೇಲೆ ಮೊಮ್ಮಕ್ಕಳು. ಅದು ಎಷ್ಟು ಮನೆ ತಿರುಗಿತೋ, ಎಲ್ಲ ಕಡೆಯಿಂದಲೂ ಒದರಿಕೊಂಡೇ ವಾಪಸ್ಸು ಬಂತು.

ಈಗ ನನ್ನ ಹತ್ತಿರ ಇರುವುದು ಇಷ್ಟು. ನ್ಯಾಮತಿಯಲ್ಲಿ ಸ್ವಂತ ಮನೆ ಒಂದು. ಗೋವಿನಕೋವಿಯ ಕಡೆ ಒಂದೂವರೆ ಎಕರೆ ನೆಲ. ಹೆಂಡತಿ ಇದ್ದಾಳೆ. ಮಗಳು ಒಬ್ಬಳು, ಮಗ ಒಬ್ಬ, ಮೊಮ್ಮಕ್ಕಳು ನಾಲ್ವರು, ನಾಲ್ವರೂ ನಡೆಯುತ್ತಾರೆ. ಬಟ್ಟಲು ಗರಗಸ ಮೂರು, ದೊಡ್ಡದಕ್ಕೆ ಎರಡು ಹಲ್ಲು ಇಲ್ಲ. ಮರದ ಮುಚ್ಚಳ ಏಳು. ರಾಳದ ಉಂಡೆ ಅರ್ಧ. ಗಾಡಿ ಒಂದು, ಗಾಲಿ ಮೂರು.